ಜಾಡಿನ ಹಗ್ಗ

"ಬಾಣ ತಗುಲಿದೆ ಕಣಮ್ಮ, ಜಿಂಕೆ ಸಿಗ್ತಿಲ್ಲ. ನಿನ್ನ ನಾಯೀನ ಕರ್ಕೊಂಡು ಬೇಗ ಬಾ!"

ಡಾಕ್ಟರ್ ಅಂಕಲ್ ಫೋನ್ ಮಾಡಿದಾಗ ನಾನು ಜಾರ್ಜ್‌ಟೌನ್ ಮನೆಯ ಬೇಸ್‌ಮೆಂಟಿನಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ನವೆಂಬರ್ ತಿಂಗಳು, ಬಿಸಿಲು ಆಗಲೇ ವಾಲಿತ್ತು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಲ್ಯಾಪ್‌ಟಾಪ್ ಮುಚ್ಚಿದೆ.

ನಾನು ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ಮನೆಯವಳು. ನಮ್ಮ ಗಿಡ್ಡ ಕಾಲಿನ ಡ್ಯಾಶ್‌ಹಂಡ್ ನಾಯಿಗೆ ಗಾಯಗೊಂಡ ಜಿಂಕೆಯ ಜಾಡು ಹಿಡಿಯಲು ಕಲಿಸಿದ್ದೇನೆ, ಬೇಟೆಗಾರರು ಕರೆದರೆ ಹೋಗುತ್ತೇನೆ. ಅಮ್ಮನಿಗೆ ಇದು ಅರಗುವುದೇ ಇಲ್ಲ. "ಏನೇ ನಿನ್ನ ಕರ್ಮ! ಕೊಲ್ಲೋರ ಜೊತೆ ಓಡಾಡ್ತೀಯಲ್ಲ!" ಅನ್ನುತ್ತಾಳೆ. ಅರ್ಧ ಸತ್ತ ಪ್ರಾಣಿ ಪೊದೆಯಲ್ಲಿ ನರಳುತ್ತ ಬಿದ್ದಿರಬಾರದು, ನನಗೆ ಅಷ್ಟೇ. ಕಾಡಿನಲ್ಲಿ ನಾಯಿಯ ಜೊತೆ ಬಾಯಿ ಬಿಡುವ ಹಾಗಿಲ್ಲ. ಹಗ್ಗ ಬಿಗಿಯಾಗಿದ್ದರೆ ಅದು ಮುಂದೆ ನಡೆಯಬೇಕು, ಸಣ್ಣಗೆ ಅಲುಗಿದರೆ ನಿಂತು ತಿರುಗಿ ನೋಡಬೇಕು, ಹಾಗೆ ಕಲಿಸಿದ್ದೇನೆ.

ಡಾಕ್ಟರ್ ಅಂಕಲ್ ಕೊಡಗಿನವರು. ಸರ್ಜನ್ ಆಗಿ ಬಹಳ ಹಿಂದೆಯೇ ಈ ದೇಶಕ್ಕೆ ಬಂದವರು, ಈಗ ರಿಟೈರ್ ಆಗಿ ಹತ್ತಿರದ ಎರಿನ್ ಮಿಲ್ಸ್‌ನಲ್ಲಿದ್ದಾರೆ. ವರ್ಷಾ ವರ್ಷಾ ಕ್ರಾಸ್‌ಬೋ, ಅಂದರೆ ಬಂದೂಕಿನ ಹಾಗೆ ಗುರಿಯಿಡುವ ಅಡ್ಡಬಿಲ್ಲು, ಹಿಡಿದು ಜಾರ್ಜ್‌ಟೌನ್ ಹೊರಗಿನ ಪರಿಚಯದ ರೈತನ ಕಾಡಿಗೆ ಬರುತ್ತಾರೆ. ನಾನು ಹೋದಾಗ ಬೇಲಿಯ ಬಳಿ ಬಾಣ ಹಿಡಿದು ನಿಂತಿದ್ದರು. ಜಿಂಕೆಯ ಮೈ ತೂರಿ ಆಚೆ ಬಿದ್ದಿದ್ದ ಬಾಣ. ಮೂಸಿದೆ, ಗಬ್ಬು ವಾಸನೆ.

"ಹೊಟ್ಟೆಗೆ ಬಿದ್ದಿದೆ ಅಂಕಲ್."

"ಟೊಂಗೆಗೆ ತಗುಲಿ ಬಾಣ ವಾಲಿಬಿಡ್ತು," ಎಂದು ಅತ್ತ ತಿರುಗಿದರು.

ಹೊಟ್ಟೆಗೆ ಪೆಟ್ಟು ಬಿದ್ದ ಜಿಂಕೆ ಹತ್ತಿರದಲ್ಲೇ ಎಲ್ಲೋ ಮಲಗುತ್ತದೆ. ಕೆಣಕದೆ ಗಂಟೆಗಟ್ಟಲೆ ಬಿಟ್ಟರೆ ಅಲ್ಲೇ ಪ್ರಾಣ ಬಿಡುತ್ತದೆ. ನಾಯಿ ಮೂಗು ನೆಲಕ್ಕಿಟ್ಟು ಎಳೆಯಿತು, ಸ್ವಲ್ಪ ದೂರದಲ್ಲೇ ನಿಂತಿತು. ಎಲೆಗಳು ಅಮುಕಿ ಹೋಗಿದ್ದವು, ರಕ್ತ ಹೆಪ್ಪುಗಟ್ಟಿತ್ತು, ಜಿಂಕೆ ಇರಲಿಲ್ಲ. ಮಣ್ಣು ಕಿತ್ತುಬರುವಂತೆ ಗೊರಸು ಊರಿ ಎದ್ದು ಓಡಿತ್ತು.

"ಇದನ್ನ ಯಾರು ಎಬ್ಬಿಸಿದ್ದು?"

ಅಂಕಲ್ ಕೆಮ್ಮಿದರು. "ನಾನೇ. ಪೆಟ್ಟು ಬಿತ್ತಲ್ಲ, ಕೂಗು ಹಾಕ್ಕೊಂಡು ಹಿಂದೆ ಓಡ್ಬಿಟ್ಟೆ. ಕೊಡಗಲ್ಲಿ ನಾವು ಹಾಗೇ ಅಲ್ವಾ, ಕೂಗ್ತಾ ಓಡೋದು…"

"ಅಲ್ಲಿ ಹತ್ತು ನಾಯಿ, ಇಪ್ಪತ್ತು ಜನ ಇರ್ತಾರೆ! ಇಲ್ಲಿ ಯಾರಿದ್ದಾರೆ? ಇಷ್ಟು ವರ್ಷದಿಂದ ಬೇಟೆ ಆಡ್ತಿದ್ದೀರಿ, ಇದೂ ಗೊತ್ತಾಗಲ್ವಾ ನಿಮಗೆ?"

ಅಪ್ಪನಿಗಿಂತ ಹಿರಿಯರು. ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆ ದಾಟಿದರೆ ಇಲ್ಲಿನ ಕಾನೂನಿನ ಪ್ರಕಾರ ಬಾಣ ಬಿಡುವಂತಿಲ್ಲ. ಆಮೇಲೆ ಸಿಕ್ಕರೂ ಜೀವವಿರುವ ಜಿಂಕೆಯನ್ನು ಹಾಗೇ ಬಿಟ್ಟು ಬರಬೇಕು. ಕಾಡುತುಂಬ ಕಯೋಟಿಗಳಿವೆ, ತೋಳದ ಜಾತಿ. ಜಿಂಕೆ ಸಾಯುವವರೆಗೆ ಅವು ಕಾಯುವುದಿಲ್ಲ.

"ಜೌಗಿನ ಕಡೆ ಹೋಯ್ತು, ನಾನೇ ನೋಡಿದೆ," ಎಂದು ಅಂಕಲ್ ಎಡಕ್ಕೆ ಕೈ ತೋರಿಸಿದರು. ನಾಯಿ ಬಲಕ್ಕೆ, ರಸ್ತೆಯ ಕಡೆಗೆ ಎಳೆಯಿತು. ಯಾರನ್ನು ನಂಬುವುದು? ನಾಯಿಯನ್ನೇ ನಂಬಿದೆ. ತೊರೆಯ ದಡದಲ್ಲಿ ಜಾಡು ಕಳೆದುಹೋಯಿತು. ಸೂರ್ಯ ಮುಳುಗಿದ. ನಾಯಿ ಸುತ್ತಿ ಸುತ್ತಿ ಮೂಸುತ್ತಿತ್ತು. ರಸ್ತೆಯಲ್ಲಿ ಆಫೀಸಿನಿಂದ ಮನೆಗೆ ಹೋಗುವ ಕಾರುಗಳ ದೀಪಗಳು ಹತ್ತಿದ್ದವು. ಹುಡುಕೋ ಕಂದ, ಹುಡುಕೋ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಹಗ್ಗ ಥಟ್ಟನೆ ಬಿಗಿಯಾಯಿತು. ತೊರೆ ದಾಟಿದೆವು. ಆಚೆ ದಡದ ಸೀಡರ್ ಮರದ ಬುಡದಲ್ಲಿ ಜಿಂಕೆ ಮಲಗಿತ್ತು, ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಹಗ್ಗ ಅಲುಗಿಸಿದೆ, ನಾಯಿ ನಿಂತಿತು.

ಅಂಕಲ್ ಬಾಣ ಹೂಡಿದರು. ಆ ಅರ್ಧ ಗಂಟೆ ಮುಗಿಯಲು ಇನ್ನು ಕೆಲವೇ ನಿಮಿಷ ಉಳಿದಿತ್ತು. ಬಾಣದ ತುದಿ ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಚಳಿ," ಎಂದರು.

ನಾನು ಅವರ ಮುಂದೆ, ಸ್ವಲ್ಪ ಪಕ್ಕಕ್ಕೆ ಮಂಡಿಯೂರಿದೆ. "ನನ್ನ ಹೆಗಲ ಮೇಲೆ ಮೊಣಕೈ ಊರಿ ಅಂಕಲ್. ಇನ್ನೊಂದ್ಸಲ ತಪ್ಪಬಾರದು."

ಊರಿದರು. ನಡುಕ ನನ್ನ ಹೆಗಲಿಗೆ ಇಳಿಯಿತು. ನಾಯಿಯನ್ನು ಎದೆಗೆ ಅವುಚಿಕೊಂಡು ಉಸಿರು ಬಿಗಿಹಿಡಿದೆ. ಬಾಣ ಹಾರಿದ ಸದ್ದಾಯಿತು. ಜಿಂಕೆ ತಲೆ ಕೆಳಗಿಟ್ಟಿತು, ಮತ್ತೆ ಎತ್ತಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಟ್ರ್ಯಾಕ್ಟರ್ ತರಲು ರೈತನಿಗೆ ಫೋನ್ ಮಾಡಿ, ಅವನಿಗೆ ದಾರಿ ತೋರಿಸಲು ಬೇಲಿಯ ಕಡೆಗೆ ಹೊರಟೆವು. "ಹಗ್ಗ ಕೊಡು, ನಾನು ಹಿಡ್ಕೋತೀನಿ. ಇವತ್ತು ಇವನದ್ದೇ ಬೇಟೆ," ಎಂದು ಅಂಕಲ್ ನಕ್ಕರು. ಕೊಟ್ಟೆ.

ನಾಯಿ ನಾಲ್ಕು ಹೆಜ್ಜೆ ನಡೆದು ನಿಂತಿತು, ತಿರುಗಿ ಅವರನ್ನು ನೋಡಿತು. ಮತ್ತೆ ನಡೆಯಿತು, ಮತ್ತೆ ನಿಂತು ನೋಡಿತು.

"ಯಾಕಮ್ಮ ನಿಲ್ತಾನೆ? ಕಾಲಿಗೆ ಮುಳ್ಳೇನಾದ್ರೂ ಹೊಕ್ಕಿದೆಯಾ?"

ಹೌದು ಅಂದುಬಿಡೋಣ ಅನ್ನಿಸಿತು. ಅನ್ನಲಿಲ್ಲ. "ಹಗ್ಗ ಅಲುಗಿದ್ರೆ ನಿಲ್ಲು ಅಂತ ಕಲಿಸಿದ್ದೀನಿ ಅಂಕಲ್," ಎಂದೆ.

ಅವರು ಹಗ್ಗವನ್ನು ನೋಡಿದರು, ಆಮೇಲೆ ತಮ್ಮ ಕೈಯನ್ನು ನೋಡಿದರು.

"ಆಪರೇಷನ್ ಮಾಡೋದು ನಾನೇ ನಿಲ್ಲಿಸಿದೆ. ಯಾರೂ ಹೇಳ್ಬೇಕಾಗಿ ಬರ್ಲಿಲ್ಲ," ಎಂದರು. ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡರು. "ಟೊಂಗೆ ಇರ್ಲಿಲ್ಲ ಕಣಮ್ಮ."

ಕ್ರಾಸ್‌ಬೋ ತೆಗೆದು ನನ್ನ ಹೆಗಲಿಗೆ ಹಾಕಿದರು. ಹಗ್ಗ ಮಾತ್ರ ವಾಪಸ್ ಕೊಡಲಿಲ್ಲ. ಬೇಲಿಯವರೆಗೂ ನಾಯಿ ನಿಂತಾಗಲೆಲ್ಲ ಅವರೂ ನಿಂತರು.