ತ್ರಿನಿ ತೊಟ್ಟ ಕಪ್ಪು

ಸ್ಪೇನಿನ ಗ್ರಾನಾದಾ ನಗರದ ಸೈದೀನ್ ಬಡಾವಣೆಯಲ್ಲಿ, ಬ್ರೆಡ್ಡಿನಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿ ತ್ರಿನಿ ಇದ್ದಾಳೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಬೆಳಗಾಗುತ್ತಲೇ ಅವಳ ರೇಡಿಯೊ ಬೀದಿಗೆಲ್ಲ ಕೇಳುತ್ತಿತ್ತು, ರೇಡಿಯೊದ ಜೊತೆಗೆ ಅವಳ ಹಾಡೂ ಕೇಳುತ್ತಿತ್ತು. ಹಾಡಿಗೆ ಹೇಳಿ ಮಾಡಿಸಿದ ಗಂಟಲಲ್ಲ ಅದು. ಹಾಗೆಂದು ಅವಳ ಮುಖಕ್ಕೆ ಹೇಳುವ ಎದೆಗಾರಿಕೆ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಮಕ್ಕಳಿಲ್ಲ. ಗಂಡ ತೀರಿಹೋದ ಮೇಲೆ ಒಂದು ಕೋಣೆಯನ್ನು ಓದುವ ಹುಡುಗಿಯರಿಗೆ ಬಿಟ್ಟಿದ್ದಳು. ಬಂದವರೆಲ್ಲ ಮೊದಲ ವಾರ ಅವಳ ಗದ್ದಲಕ್ಕೆ ತಲೆ ಹಿಡಿದುಕೊಂಡು ಕೂರುತ್ತಿದ್ದರು, ಹೋಗುವ ದಿನ ಅವಳನ್ನು ತಬ್ಬಿ ಅಳುತ್ತಿದ್ದರು. "ಹೆರೋ ಕಷ್ಟ ಬೇರೆಯವರದು, ಕಳಿಸಿಕೊಡೋ ಸಂಕಟ ಮಾತ್ರ ನಂದು" ಎಂದು ಎದುರು ಮನೆಯ ಚಾರೋ ಹತ್ತಿರ ಗೊಣಗುತ್ತಿದ್ದಳು.

ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದವಳು ವಫಾ. ಸಮುದ್ರದಾಚೆ, ಮೊರಾಕ್ಕೊದ ಲರಾಚೆಯವಳು. ಹತ್ತೊಂಬತ್ತು ವರ್ಷ, ಫಾರ್ಮಸಿ ಓದಲು ಬಂದಿದ್ದಳು. ಒಂದು ಸೂಟ್‌ಕೇಸು, ಜೊತೆಗೆ ಹಗ್ಗ ಬಿಗಿದ ಒಂದು ರಟ್ಟಿನ ಡಬ್ಬ. ಗಂಟು ಬಿಚ್ಚಲು ತ್ರಿನಿ ಕತ್ತರಿ ತಂದರೆ ಹುಡುಗಿ ಬೇಡವೆಂದಳು. "ಅಮ್ಮ ಕಟ್ಟಿದ್ದು" ಎಂದು, ಉಗುರಿನಲ್ಲೇ ಒಂದೊಂದು ಗಂಟನ್ನೂ ಬಿಡಿಸುತ್ತ ಕುಳಿತಳು. ಡಬ್ಬದಲ್ಲಿ ಉಪ್ಪಿನಲ್ಲಿಟ್ಟ ಆಲಿವ್ ಕಾಯಿ, ಬಾದಾಮಿಯ ಸಿಹಿ, ಅಮ್ಮ ಗೋಧಿ ರವೆಯನ್ನು ಅಂಗೈಯಲ್ಲಿ ಉರುಳಿಸಿ ಬಿಸಿಲಿಗಿಟ್ಟು ಒಣಗಿಸಿದ ಕುಸ್‌ಕುಸ್‌ನ ಒಂದು ಚೀಲ ಇತ್ತು. ಎಲ್ಲಕ್ಕೂ ಕೆಳಗೆ ಅಮ್ಮನೇ ಹೊಲಿದ ಹಸಿರು ಉಡುಪು.

"ಗೆಳತಿಯರಾದ ಮೇಲೆ ಹಾಕ್ಕೋ ಅಂದ್ಲು ಅಮ್ಮ" ಎಂದು ಅದನ್ನು ಕಪಾಟಿನಲ್ಲಿ ತೂಗುಹಾಕಿದಳು.

ಗೆಳತಿಯರು ಅಷ್ಟು ಸುಲಭಕ್ಕೆ ಆಗಲಿಲ್ಲ. ಅಪ್ಪನಿಂದ ಅವಳು ಕಲಿತಿದ್ದ ಸ್ಪ್ಯಾನಿಷ್ ಅಚ್ಚುಕಟ್ಟಾದದ್ದು. ಇಲ್ಲಿಯವರೋ ಅರ್ಧ ಮಾತನ್ನು ನುಂಗಿ ಉಳಿದರ್ಧವನ್ನು ಓಡಿಸುವವರು. ಎರಡನೆಯ ದಿನ ತಪ್ಪು ಬಸ್ಸು ಹತ್ತಿ ಊರ ಕೊನೆಯವರೆಗೆ ಹೋಗಿ ಬಂದಳು. ಊರಿಗೆಲ್ಲ ಊಟ ಮಧ್ಯಾಹ್ನ ಮೂರಕ್ಕೆ, ಅವಳಿಗೆ ಹನ್ನೆರಡಕ್ಕೇ ಹಸಿವು. ಹಾಸಿಗೆಯ ಮೇಲೆ ಬ್ರೆಡ್ಡಿನ ಪುಡಿ ಕಂಡ ತ್ರಿನಿ ಏನೂ ಕೇಳದೆ ಮರುದಿನದಿಂದ ಒಂದು ಗಂಟೆಗೇ ಅವಳ ತಟ್ಟೆ ಇಟ್ಟಳು. ಹೊಸ ಬಾಣಲೆ ತಂದು ಹಿಡಿಗೆ ಕೆಂಪು ದಾರ ಸುತ್ತಿದಳು. "ಇದು ನಿಂದು. ಇದರೊಳಗೆ ಹಂದಿ ಬಿತ್ತೋ, ನನ್ನ ಕೈ ಕತ್ತರಿಸು." ಹುಡುಗಿ ಮೊದಲ ಸಲ ನಕ್ಕಳು. ಆದರೂ ಸಂಜೆಯಾದರೆ ಬಚ್ಚಲಲ್ಲಿ ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ನಲ್ಲಿ ಬಿಟ್ಟುಕೊಂಡು ಅಳುವುದು ತ್ರಿನಿಗೆ ಹೊಸದೇನಲ್ಲ, ಪರದೇಶದಲ್ಲಿ ತಾನೂ ಹಾಗೆಯೇ ಅತ್ತವಳು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನು ಬಂತು.

"ಸೆನ್ಯೋರಾ, ನಾನು ವಫಾಳ ತಂದೆ."

"ಅವಳು ಕ್ಲಾಸಿಗೆ ಹೋಗಿದ್ದಾಳೆ. ಬಂದ ಕೂಡ್ಲೆ ಫೋನ್ ಮಾಡಿಸ್ತೀನಿ."

"ಬೇಡ. ಅವಳಿರಲ್ಲ ಅಂತಾನೇ ಈ ಹೊತ್ತಿಗೆ ಮಾಡಿದೆ." ಆತ ಅಳತೊಡಗಿದ. "ನನ್ನ ರಹ್ಮಾ ಹೋಗಿಬಿಟ್ಳು ತಾಯಿ. ಅವಳಮ್ಮ. ನಿನ್ನೆ ಬೆಳಿಗ್ಗೆ ಹಿಟ್ಟು ನಾದ್ತಾ ಇದ್ದೋಳು ಹಾಗೇ ಕುಸಿದ್ಳು. ಸಂಜೆಗೆ ಮಣ್ಣೂ ಮಾಡಿದ್ವಿ. ನಮ್ಮಲ್ಲಿ ಕಾಯೋ ಪದ್ಧತಿ ಇಲ್ಲ."

ತ್ರಿನಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಈಗ ಹೇಳಿದ್ರೆ ಮೊದಲ ಹಡಗಿಗೇ ಬಂದುಬಿಡ್ತಾಳೆ. ಬಂದು ನೋಡೋದಾದ್ರೂ ಏನು, ಮಣ್ಣು ತಾನೆ? ಸೋಮವಾರ ಅವಳ ಭಾಷೆ ಪರೀಕ್ಷೆ, ಅದು ತಪ್ಪಿದ್ರೆ ಸೀಟು ಹೋಯ್ತು. ಅವಳು ಓದಲೇಬೇಕು ಅಂತ ಹಟ ಹಿಡಿದಿದ್ದೇ ಅವಳಮ್ಮ. ಮಂಗಳವಾರ ನಾನೇ ಬಂದು ಹೇಳ್ತೀನಿ. ಅಲ್ಲೀತನಕ ಬಾಯಿ ಬಿಡಲ್ಲ ಅಂತ ಮಾತು ಕೊಡಿ."

"ಕೊಟ್ಟೆ" ಎಂದುಬಿಟ್ಟಳು. ಅಳುತ್ತಿರುವ ಗಂಡಸು ಕೇಳಿದರೆ ಇನ್ನೇನು ಹೇಳಲು ಬರುತ್ತದೆ?

ಫೋನು ಇಟ್ಟಾಗ ರೇಡಿಯೊದಲ್ಲಿ ಯಾರೋ ಕುಣಿಯುವ ಹಾಡು ಹಾಡುತ್ತಿದ್ದರು. ಅದನ್ನು ಆರಿಸಿದಳು. ಆರಿಸಿ ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟಳು. ಕೊಟ್ಟ ಮಾತು ಎಂಥದೆಂದು ಆಗ ಹೊಳೆಯಿತು.

ತ್ರಿನಿಯ ಬದುಕಿನಲ್ಲಿ ಒಂದು ಶನಿವಾರವಿತ್ತು. ಇಪ್ಪತ್ತೊಂದರ ವಯಸ್ಸಿನಲ್ಲಿ ಹಳ್ಳಿ ಬಿಟ್ಟು ಸ್ವಿಟ್ಜರ್ಲೆಂಡಿನ ಚಾಕಲೇಟು ಕಾರ್ಖಾನೆಗೆ ಹೋದವಳು ಅವಳು. ಊರಿಂದ ಬಂದ ಕಾಗದಗಳನ್ನು ಹುಡುಗಿಯರೆಲ್ಲ ಒಡೆಯದೆ ಇಟ್ಟುಕೊಂಡು ಭಾನುವಾರ ಒಟ್ಟಿಗೆ ಕೂತು ಓದುತ್ತಿದ್ದರು. ವಾರವಿಡೀ ಅದೊಂದು ಆಸೆ. ಸಾವಿನ ಕಾಗದವಾದರೆ ಲಕೋಟೆಗೆ ಸುತ್ತಲೂ ಕಪ್ಪು ಅಂಚಿರುತ್ತದೆ, ಒಡೆಯುವ ಮುಂಚೆಯೇ ಎದೆ ಗಟ್ಟಿ ಮಾಡಿಕೊಳ್ಳಲಿ ಎಂದು. ತ್ರಿನಿಯ ಅಮ್ಮ ತೀರಿಕೊಂಡಾಗ ಅಣ್ಣ, ಒಂಟಿ ಹುಡುಗಿ ಹೆದರೀತು ಎಂದು ಕನಿಕರಪಟ್ಟು, ಬಿಳಿ ಲಕೋಟೆಯಲ್ಲಿ ಬರೆದ. ಅದು ಗುರುವಾರ ಬಂತು. ತ್ರಿನಿ ಅದಕ್ಕೆ ಮುತ್ತಿಟ್ಟು ದಿಂಬಿನಡಿ ಇಟ್ಟಳು. ಶನಿವಾರ ಸ್ಪೇನಿನವರು ಸೇರುವ ಹಾಲ್‌ನಲ್ಲಿ ಕುಣಿತವಿತ್ತು. ನೀಲಿ ಲಂಗ ತೊಟ್ಟು, ಚಪ್ಪಲಿ ಕಿತ್ತು ಹೋಗುವವರೆಗೆ ಕುಣಿದಳು. ಭಾನುವಾರ ಲಕೋಟೆ ಒಡೆದಳು.

ಮಣ್ಣಿಗೆ ಹೋಗಲಾಗಲಿಲ್ಲ ಎಂಬುದನ್ನು ಅವಳು ಹೇಗೋ ನುಂಗಿಕೊಂಡಳು. ಅಮ್ಮ ಮಣ್ಣಲ್ಲಿರುವಾಗ ಕುಣಿದೆ ಎಂಬುದನ್ನು ನುಂಗಲಾಗಲಿಲ್ಲ. ಆಮೇಲೆ ತನ್ನ ಮದುವೆಯಲ್ಲೂ ಹೆಜ್ಜೆ ಹಾಕಲಿಲ್ಲ. ಅಣ್ಣನೊಂದಿಗೆ ಮಾತು ಬಿಡಲಿಲ್ಲ, ಆದರೆ ಅವನ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಳ್ಳಲಿಲ್ಲ. ಕನಿಕರದಿಂದ ಮಾಡಿದ ಅನ್ಯಾಯಕ್ಕೆ ಸಿಟ್ಟು ಮಾಡಿಕೊಳ್ಳುವುದು ಹೇಗೆ, ನೀವೇ ಹೇಳಿ. ಈಗ ಅದೇ ಕನಿಕರ ಅವಳ ಕೈಗೇ ಬಂದಿತ್ತು.

ಅಂದು ಮಧ್ಯಾಹ್ನವೇ ಟ್ರಂಕಿನ ತಳದಿಂದ ಸೂತಕದ ಕಪ್ಪು ಉಡುಪು ತೆಗೆದು ತೊಟ್ಟಳು. ಟೀವಿಯ ಮೇಲೆ ಬಟ್ಟೆ ಹೊದಿಸಿದಳು. ಬಾಯಿ ಕಟ್ಟಿಕೊಂಡೆ ಸರಿ, ಆದರೆ ಆ ಹೆಂಗಸಿಗೆ ಈ ಮನೆಯಲ್ಲಿ ಒಬ್ಬರಾದರೂ ಸೂತಕ ಹಿಡಿಯಬೇಡವೇ? ಮಗಳಿಗೆ ಗೊತ್ತಾಗುವವರೆಗೆ ಮಗಳ ಪಾಲಿನದನ್ನು ನಾನು ಹಿಡಿಯುತ್ತೇನೆ. ಹೀಗೆ ತನಗೆ ತಾನೇ ಹೇಳಿಕೊಂಡಳು.

ರೇಡಿಯೊ ಇಲ್ಲದ ಮೌನಕ್ಕೆ ಗಾಬರಿಯಾಗಿ ಚಾರೋ ಬಾಗಿಲು ಬಡಿದಳು. "ಏನೇ ಇದು ವೇಷ? ಯಾರು ಹೋದ್ರೇ?"

"ಗೊತ್ತಿರೋರು."

"ನಂಗೆ ಗೊತ್ತಿಲ್ದೆ ನಿಂಗೆ ಗೊತ್ತಿರೋರು ಯಾರೇ ಅದು?"

"ಚಾರೋ, ಕೈ ಮುಗೀತೀನಿ, ಕೇಳ್ಬೇಡ."

ವಫಾ ಮಾತ್ರ ಕೇಳಲಿಲ್ಲ. ಅವಳ ಊರಲ್ಲಿ ಗಂಡ ಹೋದವಳು ಬಿಳಿ ಉಡುತ್ತಾಳೆ. ಕಪ್ಪು ಅವಳಿಗೆ ಏನನ್ನೂ ಹೇಳಲಿಲ್ಲ. ಹಾಡು ನಿಂತದ್ದಷ್ಟೇ ಅವಳಿಗೆ ಕಂಡದ್ದು. ತಾನೇನೋ ತಪ್ಪು ಮಾಡಿರಬೇಕೆಂದು ತುದಿಗಾಲಲ್ಲಿ ಓಡಾಡತೊಡಗಿದಳು, ತಿಂದ ತಟ್ಟೆಯನ್ನು ಎರಡೆರಡು ಸಲ ತೊಳೆದಳು. ಶುಕ್ರವಾರ ತ್ರಿನಿಯ ಅನುಮತಿ ಕೇಳಿ ಮನೆಗೆ ಫೋನು ಮಾಡಿದಳು. ಅಡುಗೆಮನೆಯಲ್ಲಿ ತ್ರಿನಿ ಈರುಳ್ಳಿಯ ಮೇಲೆ ಚಾಕು ಇಟ್ಟುಕೊಂಡು ಅಲ್ಲಾಡದೆ ನಿಂತಿದ್ದಳು.

"ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಳಂತೆ" ಎಂದಳು ವಫಾ ಒಳಗೆ ಬಂದು. "ಶುಕ್ರವಾರ ನಮ್ಮನೇಲಿ ಕುಸ್‌ಕುಸ್. ಅದನ್ನ ಬಿಟ್ಟು ಅಮ್ಮ ಎಲ್ಲೂ ಹೋಗೋಳಲ್ಲ. ಅಪ್ಪಂಗೆ ನೆಗಡಿ ಬೇರೆ ಆಗಿದೆ ಅನ್ಸುತ್ತೆ, ದನಿ ಹೂತುಹೋಗಿತ್ತು."

"ಹವಾ ಬದಲಾಗ್ತಿದೆಯಲ್ಲ ಮಗಳೇ" ಎಂದಳು ತ್ರಿನಿ. ತನ್ನ ನಾಲಿಗೆಯನ್ನು ಕಿತ್ತು ಎಸೆಯಬೇಕೆನಿಸಿತು.

"ಸೆನ್ಯೋರಾ, ನಾಳೆ ಸಂಜೆ ಆರಕ್ಕೆ ಕಾಲೇಜಿನ ಅಂಗಳದಲ್ಲಿ ಹೊಸಬರಿಗೆ ಅಂತ ಕುಣಿತ ಇದೆ. ಕ್ಲಾಸಿನ ಇಬ್ಬರು ಹುಡುಗೀರು ಕರೀತಿದ್ದಾರೆ. ನಾನು ಹೋಗ್ಲಾ?"

"ಪರೀಕ್ಷೆ ಇದೆಯಲ್ಲೇ ಸೋಮವಾರ."

"ಎರಡೇ ಗಂಟೆ. ಅಮ್ಮನ ಹಸಿರು ಉಡುಪು ಹಾಕ್ಕೊಂಡು ಹೋಗೋಣ ಅಂತ." ಅವಳ ಕಣ್ಣಲ್ಲಿ ಊರು ಬಿಟ್ಟ ಮೇಲೆ ಮೊದಲ ಸಲ ಬೆಳಕಿತ್ತು.

ಬೇಡವೆನ್ನಲು ತ್ರಿನಿಗೆ ಯಾವ ಕಾರಣವೂ ಸಿಗಲಿಲ್ಲ. ಈರುಳ್ಳಿ ಹೆಚ್ಚತೊಡಗಿದಳು.

ಶನಿವಾರ ಅವಳು ಚರ್ಚಿಗೆ ಹೋಗಿ ಕೂತಳು. ಪಾದ್ರಿಯನ್ನು ಕೇಳಲಿಲ್ಲ, ಆತ ಹೇಳುವುದು ಅವಳಿಗೆ ಗೊತ್ತಿತ್ತು, ಕೊಟ್ಟ ಮಾತು ಕೊಟ್ಟ ಮಾತೇ. ಮೋಂಬತ್ತಿ ಹಚ್ಚಿ ತನ್ನ ಅಮ್ಮನನ್ನೇ ಕೇಳಿದಳು. ಸತ್ತವರು ಬೇಕಾದಾಗ ಬಾಯಿ ಬಿಡುವುದಿಲ್ಲ. ಹುಡುಗಿ ಹಸಿರು ಉಡುಪಿನಲ್ಲಿ ಹೊರಟು ನಿಂತರೆ ಹೇಳಿಯೇಬಿಡುವುದೆಂದು ಒಮ್ಮೆ, ಇನ್ನು ಮೂರೇ ದಿನ ಎಂದು ಒಮ್ಮೆ, ಹೀಗೆ ದಾರಿಯುದ್ದಕ್ಕೂ ಹೊಯ್ದಾಡುತ್ತ ಐದೂವರೆಗೆ ಮನೆಗೆ ಬಂದಳು.

ಮನೆಯಲ್ಲಿ ಅಡುಗೆಯ ಘಮವಿತ್ತು. ವಫಾ ಹಸಿರು ತೊಟ್ಟಿರಲಿಲ್ಲ. ಕಂದು ಬಣ್ಣದ ಹಳೆಯ ಲಂಗದಲ್ಲಿ ಕೈ ಕಟ್ಟಿ ನಿಂತಿದ್ದಳು. ಹತ್ತಿರ ಬಂದು ತ್ರಿನಿಯ ಎರಡೂ ಕೆನ್ನೆಗೆ ಮುತ್ತಿಟ್ಟು, ಬಾಯಿಪಾಠ ಮಾಡಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದಳು: "ನಿಮ್ಮ ದುಃಖದಲ್ಲಿ ನಾನೂ ನಿಮ್ಮ ಜೊತೆ ಇದ್ದೀನಿ."

ಇವಳಿಗೆ ಗೊತ್ತಾಗಿಬಿಟ್ಟಿತೇ ಎಂದು ತ್ರಿನಿ ಅವಳ ಮುಖವನ್ನೇ ನೋಡಿದಳು.

"ಕ್ಷಮಿಸಿ ಸೆನ್ಯೋರಾ. ನಂಗೆ ಗೊತ್ತಿರ್ಲಿಲ್ಲ. ನನ್ನ ಮೇಲೆ ಸಿಟ್ಟು ಅನ್ಕೊಂಡಿದ್ದೆ. ಚಾರೋ ಅಮ್ಮ ಬೆಳಿಗ್ಗೆ ಮೆಟ್ಟಿಲ ಹತ್ರ ಬೈದ್ರು, 'ಮನೆ ಯಜಮಾನಿ ಸೂತಕದಲ್ಲಿದ್ದಾಳೆ, ನೀನು ಕುಣಿಯೋಕೆ ಹೊರಟಿದ್ದೀಯಲ್ಲ' ಅಂತ. ಹೇಗೆ ಮಾತಾಡಿಸ್ಬೇಕು ಅಂತಾನೂ ಅವರೇ ಹೇಳ್ಕೊಟ್ರು." ಕುರ್ಚಿ ಎಳೆದು ತ್ರಿನಿಯನ್ನು ಕೂರಿಸಿದಳು. "ನಮ್ಮಲ್ಲಿ ಸಾವಾದ ಮನೇಲಿ ಮೂರು ದಿನ ಒಲೆ ಹಚ್ಚಲ್ಲ. ಅಕ್ಕಪಕ್ಕದೋರು ಊಟ ತರ್ತಾರೆ. ನೀವು ಪಾಪ ಮೂರು ದಿನದಿಂದ ನಂಗೆ ಬೇಯ್ಸಿ ಹಾಕ್ತಾನೇ ಇದ್ದೀರಿ."

ತಟ್ಟೆ ತಂದಿಟ್ಟಳು. ಚೀಲದಲ್ಲಿದ್ದ ಕುಸ್‌ಕುಸ್ಸನ್ನೆಲ್ಲ ಬೇಯಿಸಿದ್ದಳು, ಮೇಲೆ ಕಡಲೆಕಾಳು, ಕುಂಬಳಕಾಯಿ. "ಅಮ್ಮನ ಕೈದು. ಹಬ್ಬಕ್ಕೆ ಅಂತ ಇಟ್ಕೊಂಡಿದ್ದೆ, ಪರವಾಗಿಲ್ಲ. ಅವಳು ಇನ್ನೊಂದು ಚೀಲ ಕಳಿಸ್ತಾಳೆ."

ತ್ರಿನಿ ಚಮಚ ಎತ್ತಿದಳು, ಕೆಳಗಿಟ್ಟಳು.

"ತಿನ್ನಿ. ಮತ್ತೆ, ಹೋದೋರ ಹೆಸರೇನು? ಈಗ ನಮಾಜಿನ ಹೊತ್ತು. ಹೆಸರು ಹೇಳಿದ್ರೆ ಅವರಿಗೋಸ್ಕರ ಬೇಡ್ಕೋತೀನಿ."

ಸುಳ್ಳು ಹೇಳಬಹುದಿತ್ತು. ಸತ್ತವರ ಹೆಸರುಗಳು ಅವಳ ಬಾಯಲ್ಲಿ ಬೇಕಾದಷ್ಟಿದ್ದವು. ಆದರೆ ಮಗಳು ತಾಯಿಗಾಗಿ ಬೇಡಿಕೊಳ್ಳಲು ಹೆಸರು ಕೇಳುತ್ತಿರುವಾಗ ಬೇರೆ ಹೆಸರು ಕೊಡುವುದು ಯಾವ ಹೆಣ್ಣಿನಿಂದಾದೀತು?

"ರಹ್ಮಾ" ಎಂದಳು ತ್ರಿನಿ.

"ನಮ್ಮಮ್ಮನ ಹೆಸರೂ ಅದೇ" ಎಂದು ಹುಡುಗಿ ನಕ್ಕಳು. ಆಮೇಲೆ ತ್ರಿನಿಯ ಮುಖ ನೋಡಿದಳು, ಕಪ್ಪು ಉಡುಪು ನೋಡಿದಳು, ಫೋನಿನ ಕಡೆ ನೋಡಿದಳು. ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾವತ್ತು?"

"ಮಂಗಳವಾರ. ನೋವು ತಿನ್ಲಿಲ್ಲವಂತೆ. ಪರೀಕ್ಷೆ ಆಗ್ಲಿ ಅಂತ ನಿಮ್ಮಪ್ಪ ಮಾತು ತಗೊಂಡಿದ್ರು. ನಾನು ಮುರಿದೆ."

ವಫಾ ಅಳಲಿಲ್ಲ. ಬೆರಳು ಮಡಿಸಿ ದಿನ ಎಣಿಸಿದಳು. "ಬುಧವಾರ ನಾನು ಕ್ಲಾಸಲ್ಲಿ ನಕ್ಕಿದ್ದೆ. ಗುರುವಾರ ಐಸ್‌ಕ್ರೀಮ್ ತಿಂದೆ. ಅಮ್ಮ ಅಲ್ಲಿ..."

ತ್ರಿನಿ ಎದ್ದು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೂವತ್ತೆರಡು ವರ್ಷದಿಂದ ತನಗೆ ಯಾರೂ ಹೇಳಲಾಗದೇ ಹೋದ ಮಾತು ಅವಳ ಬಾಯಿಂದ ಬಂತು.

"ನೀನು ಕುಣೀಲಿಲ್ಲ, ಮಗಳೇ. ಅದನ್ನ ನೆನಪಿಟ್ಕೋ. ನೀನು ಕುಣೀಲಿಲ್ಲ. ಅವಳಿಗೆ ಅಂತ ಅಡುಗೆ ಮಾಡಿದೆ."

ಹುಡುಗಿ ಆಗ ಅತ್ತಳು. ನಲ್ಲಿ ಬಿಡಲಿಲ್ಲ, ಬಾಗಿಲು ಹಾಕಲಿಲ್ಲ. ಇಬ್ಬರೂ ಆ ಕುಸ್‌ಕುಸ್ಸನ್ನು ಆರಿದ ಮೇಲೆ, ಒಂದು ಕಾಳೂ ಉಳಿಯದ ಹಾಗೆ ತಿಂದರು.