ಹಬ್ಬ ಮುಗಿದ ಮೇಲೆ ಉಳಿದ ಹ್ಯಾಮು

ಇಂಗ್ಲೆಂಡಿಗೆ ಬಂದ ಮೂರನೆಯ ತಿಂಗಳು, ಕ್ರಿಸ್‌ಮಸ್ ಹಬ್ಬ ಮುಗಿದು ಎರಡು ದಿನವಾಗಿತ್ತು. ನನ್ನ ಮನೆಯೊಡತಿ ಮಿಸೆಸ್ ಹಾರ್ಟ್ಲಿ ಅಡುಗೆಮನೆಯ ಮೇಜಿನ ಮೇಲೆ ಹಂದಿಯ ತೊಡೆಯೊಂದನ್ನು ತಂದಿಟ್ಟು, ಮೇಲಿನ ಬಟ್ಟೆ ಸರಿಸಿ, ನನ್ನ ಕೈಗೆ ಚೂರಿ ಕೊಟ್ಟರು. ಅರ್ಧ ಕೊಯ್ದ ತೊಡೆ ಅದು. ನಡುವೆ ಬಿಳಿ ಎಲುಬು, ಸುತ್ತ ಗುಲಾಬಿ ಬಣ್ಣದ ಮಾಂಸ. ನಮ್ಮೂರು ಬೈಲಹೊಂಗಲದ ಗಟಾರದಲ್ಲಿ ಹೊರಳಾಡುವ ಕರಿಹಂದಿಗಳನ್ನಷ್ಟೇ ಕಂಡವಳು ನಾನು. ಅವುಗಳೊಳಗೆ ಇಂಥ ಬಣ್ಣವಿದ್ದೀತೆಂದು ಎಂದೂ ಅಂದುಕೊಂಡಿರಲಿಲ್ಲ. ಆದರೆ ನಾನು ಚೂರಿ ಕೆಳಗಿಟ್ಟದ್ದು ಹಂದಿಯನ್ನು ಕಂಡಲ್ಲ. ಅವರ ಬಾಯಿಂದ ಬಂದ ಒಂದು ಮಾತಿಗೆ.

"ಉಳದದ್ದು ಭಾಳ ಐತಿ, ಯವ್ವಾ. ಸ್ಯಾಂಡ್‌ವಿಚ್‌ಗೆ ಹಚ್ಚೂದು ಮಾಡೋಣು, ಬಾ."

ಅವರು ಆಡಿದ್ದು ಇಂಗ್ಲಿಷಿನಲ್ಲಿ. ಆದರೆ ಯಾರ್ಕ್‌ಶೈರ್ ಸೀಮೆಯ ಆ ಇಂಗ್ಲಿಷ್, ಬೆಳಗಾವಿಯಲ್ಲಿ ನರ್ಸಿಂಗ್ ಓದುವಾಗ ನಾನು ಕಲಿತ ಇಂಗ್ಲಿಷ್ ಆಗಿರಲಿಲ್ಲ. ಶಾಲೆಯ ಪುಸ್ತಕದ ಕನ್ನಡಕ್ಕೂ ನಮ್ಮ ಓಣಿಯ ಕನ್ನಡಕ್ಕೂ ಎಷ್ಟು ದೂರವೋ ಅಷ್ಟು ದೂರ. ಅರ್ಧ ಅಕ್ಷರ ನುಂಗಿಬಿಡುತ್ತಾರೆ. ಸಂಜೆಯ ಊಟಕ್ಕೆ "ಟೀ" ಅನ್ನುತ್ತಾರೆ. ಮೊದಲ ವಾರ ಟೀಗೆ ಕರೆದಾಗ ಚಹಾ ಕುಡಿಯಲು ಹೋದವಳ ಮುಂದೆ ಬೇಯಿಸಿದ ಆಲೂಗಡ್ಡೆ, ಕೋಸಿನ ತಾಟು ಬಂದಿತ್ತು. ಬಸ್ಸಿನ ಕಂಡಕ್ಟರ್ ಕೂಡ ನನ್ನನ್ನು "ಲವ್" ಎಂದು ಕರೆದಾಗ ಗಾಬರಿಯಾಗಿದ್ದೆ. ಅದು ನಮ್ಮಲ್ಲಿ ಗುರುತಿಲ್ಲದ ಹುಡುಗಿಯನ್ನೂ "ಯವ್ವಾ" ಅಂದಂತೆ ಎಂದು ತಿಳಿಯಲು ತಿಂಗಳು ಹಿಡಿಯಿತು. ಹೀಗಾಗಿ ಮಿಸೆಸ್ ಹಾರ್ಟ್ಲಿಯವರ ಮಾತುಗಳು ನನಗೆ ನೆನಪಾಗುವುದೇ ನಮ್ಮ ಕಡೆಯ ಮಾತಿನಲ್ಲಿ. ಹಾಗೆಯೇ ಬರೆಯುತ್ತೇನೆ.

ಅವರ ಮನೆ ಸಿಕ್ಕಿದ್ದೂ ಸುಲಭವಾಗಿ ಅಲ್ಲ. ನರ್ಸುಗಳ ವಸತಿಗೃಹದಲ್ಲಿ ಜಾಗವಿರಲಿಲ್ಲ. ಕಿಟಕಿಯಲ್ಲಿ "ಕೋಣೆ ಬಾಡಿಗೆಗಿದೆ" ಎಂಬ ಚೀಟಿ ನೋಡಿ ಬಾಗಿಲು ತಟ್ಟುತ್ತಿದ್ದೆ. ಬಾಗಿಲು ತೆರೆದವರು ನನ್ನ ಮುಖ ನೋಡಿ, "ಈಗತಾನೇ ಯಾರಿಗೋ ಕೊಟ್ಟೆವು" ಅನ್ನುತ್ತಿದ್ದರು. ಮರುದಿನ ಅದೇ ದಾರಿಯಲ್ಲಿ ಬಂದರೆ ಚೀಟಿ ಅಲ್ಲೇ ಇರುತ್ತಿತ್ತು. ಅಪ್ಪ ನಮ್ಮ ಹಳ್ಳಿ ಸಂಪಗಾಂವ ಬಿಟ್ಟು ಬೈಲಹೊಂಗಲಕ್ಕೆ ಬಂದಾಗಲೂ ಹೀಗೇ ಆಗಿತ್ತು. ಅಲ್ಲಿ ಹೆಸರು ಕೇಳಿ, ಅಪ್ಪನ ಹೆಸರು ಕೇಳಿ, ಕೊನೆಗೆ "ಯಾವ ಮಂದಿ?" ಎಂದು ಕೇಳಿ ಇಲ್ಲವೆನ್ನುತ್ತಿದ್ದರು. ಇಲ್ಲಿ ಏನನ್ನೂ ಕೇಳುವ ಕೆಲಸವಿರಲಿಲ್ಲ.

ಐದನೆಯ ಬಾಗಿಲು ಮಿಸೆಸ್ ಹಾರ್ಟ್ಲಿಯವರದು. ಅರವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿಕೊಂಡೇ ಕೇಳಿದರು: "ನಿಮ್ಮಪ್ಪ ಏನ ಮಾಡತಾನ?"

"ಹತ್ತಿ ಕಾಳ ಬಿಡಸೂ ಜಿನ್ನಿನ್ಯಾಗ ಹಮಾಲಿ ಮಾಡತಾನ್ರಿ."

"ನನ್ನ ಗಂಡನೂ ಗಿರಣಿಯಾಗ ದುಡದಾವ. ಉಣ್ಣಿ ನೂಲಿನ ಗಿರಣಿ. ಅದರ ಧೂಳ ಕುಡದs ಸತ್ತ," ಎಂದವರು ಬಾಗಿಲು ಪೂರ್ತಿ ತೆರೆದರು.

ಹಬ್ಬದ ದಿನ ನನಗೆ ಬೆಳಗಿನ ಪಾಳಿ. ಮೂರು ಗಂಟೆಗೆ ಮನೆಗೆ ಬಂದರೆ ಮೇಜಿನ ಮೇಲೆ ಇಬ್ಬರಿಗೆ ತಾಟು ಹಾಕಿತ್ತು. ಅವರು ನನಗಾಗಿ ಉಣ್ಣದೆ ಕಾದಿದ್ದರು. ಹ್ಯಾಮ್ ಎಂದರೆ ಹಂದಿಯ ಹಿಂದೊಡೆಯನ್ನು ಉಪ್ಪಿನಲ್ಲಿ ಹದ ಮಾಡಿ ಬೇಯಿಸಿದ್ದು ಎಂದು ಅಂದೇ ತಿಳಿದದ್ದು. ಕಣ್ಣು ಮುಚ್ಚಿ ಎರಡು ತುಣುಕು ತಿಂದೆ. ಊಟ ಮುಗಿಯುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು. ಇಲ್ಲಿ ಚಳಿಗಾಲದಲ್ಲಿ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಆ ಊಟ ನನಗೆ ಕಷ್ಟವೆನಿಸಲಿಲ್ಲ.

ಕಷ್ಟವಾದದ್ದು "ಉಳದದ್ದು" ಎಂಬ ಮಾತು. ಚೂರಿಯನ್ನು ಮೇಜಿನ ಮೇಲಿಟ್ಟು, "ನನಗ ಬ್ಯಾಡ್ರಿ" ಎಂದವಳೇ ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಏಕೆಂದು ಹೇಳಬೇಕಾದರೆ ಸಂಪಗಾಂವಕ್ಕೆ ಹೋಗಬೇಕು. ನಾನಾಗ ಏಳು ವರ್ಷದವಳು. ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಊರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಆಯಿ ಬಿದಿರಿನ ಬುಟ್ಟಿ ಹಿಡಿದು ಹೋಗಿ ಹಿತ್ತಲ ಗೋಡೆಯ ಹೊರಗೆ ಕೂರುತ್ತಿದ್ದಳು. ಕೊನೆಯ ಪಂಕ್ತಿ ಎದ್ದ ಮೇಲೆ ಎಲೆಗಳಲ್ಲಿ ಉಳಿದದ್ದನ್ನೆಲ್ಲ ಬಳಿದು ಗೋಡೆಯ ಮೇಲಿಂದ ಬುಟ್ಟಿಗೆ ಸುರಿಯುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಬುಟ್ಟಿಯಲ್ಲಿ ಯಾರೋ ಕಚ್ಚಿಬಿಟ್ಟ ಅರ್ಧ ಹೋಳಿಗೆ ಸಿಕ್ಕಿತು. ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ತಿನ್ನುತ್ತಿದ್ದೆ.

ಅಪ್ಪ ಕೆಲವು ತಿಂಗಳ ಹಿಂದಷ್ಟೇ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. ಗೋಡೆಗೆ ಬುದ್ಧನ ಪಟ ಹಾಕಿದ್ದ. ಅದನ್ನು ಬಿಟ್ಟರೆ ಮನೆಯಲ್ಲಿ ಏನೂ ಬದಲಾಗಿರಲಿಲ್ಲ. ನನ್ನನ್ನು ಕಂಡವನೇ ಬಂದು, ಬಾಯಿಗೆ ಬೆರಳು ಹಾಕಿ ಹೋಳಿಗೆಯನ್ನು ಹೊರಗೆ ತೆಗೆದ. ಹೊಡೆಯಲಿಲ್ಲ. ಆಯಿಯ ಕಡೆ ತಿರುಗಿದ.

"ಯವ್ವಾ, ಇನ್ನ ಮ್ಯಾಲೆ ಈ ಬುಟ್ಟಿ ಮನಿ ಹೊರಗ ಹೋಗಂಗಿಲ್ಲ."

"ಮತ್ತ ಉಪಾಸ ಸಾಯೂದೇನೊ?"

"ಸಾಯೋಣು. ಮಂದಿ ಉಳಿಸಿದ್ದು ತಿಂದು ಬದಕೂದು ಬ್ಯಾಡ."

ಎಂಟು ದಿನಗಳಲ್ಲಿ ನಾವು ಬೈಲಹೊಂಗಲಕ್ಕೆ ಬಂದೆವು. ನಡೆದರೆ ಎರಡು ತಾಸಿನ ದಾರಿ. ನನ್ನ ಬದುಕಿನ ದೊಡ್ಡ ವಲಸೆ ಯಾವುದು ಎಂದು ಯಾರಾದರೂ ಕೇಳಿದರೆ ವಿಮಾನದ ಪ್ರಯಾಣಕ್ಕಿಂತ ಮೊದಲು ಆ ಎರಡು ತಾಸು ನೆನಪಾಗುತ್ತದೆ. ಆಯಿ ಬರಲಿಲ್ಲ. "ಈ ವಯಸ್ಸಿನ್ಯಾಗ ನಾ ಎಲ್ಲಿ ಬರಲೊ" ಎಂದು ಅಲ್ಲೇ ಉಳಿದಳು. ಸಾಯುವ ತನಕ ಬುಟ್ಟಿ ಹಿಡಿದು ಹೋಗುತ್ತಿದ್ದಳೆಂದು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಅಪ್ಪ ಅದರ ಬಗ್ಗೆ ಒಮ್ಮೆಯೂ ಮಾತಾಡಿಲ್ಲ.

ಮೂರು ದಿನ ಮಿಸೆಸ್ ಹಾರ್ಟ್ಲಿ ಮತ್ತು ನಾನು ಒಂದೇ ಮನೆಯಲ್ಲಿ ಪರಕೀಯರಂತೆ ಇದ್ದೆವು. ಎದುರಾದರೆ "ಚಳಿ ಭಾಳ ಐತಿ" ಅನ್ನುವುದು, ಅಷ್ಟೇ. ನಾಲ್ಕನೆಯ ದಿನ ಅವರೇ ಮೆಟ್ಟಿಲ ಕೆಳಗೆ ನಿಂತು ಕೂಗಿದರು: "ತಪ್ಪಾತು ಯವ್ವಾ. ನಿಮ್ಮ ದೇವರಿಗೆ ಹಂದಿ ಆಗಂಗಿಲ್ಲಂತ ಮೊದಲ ಕೇಳಬೇಕಿತ್ತು."

ಅವರ ದನಿ ಒಡೆದಿತ್ತು. ಸುಮ್ಮನಿದ್ದುಬಿಡಬಹುದಿತ್ತು, ದೇವರ ಮೇಲೆ ಹಾಕಿದರೆ ಇಬ್ಬರಿಗೂ ಸುಲಭ. ಆದರೆ ಅಪ್ಪ ಅಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಸುಳ್ಳಿನ ಹಿಂದೆ ಅಡಗಿಸಲು ಮನಸ್ಸಾಗಲಿಲ್ಲ. ಕೆಳಗಿಳಿದು ಅಡುಗೆಮನೆಯಲ್ಲಿ ಕುಳಿತೆ.

ಹೇಳುವುದು ಹೇಗೆ? ನಮ್ಮದಕ್ಕೆ ಅವರ ಭಾಷೆಯಲ್ಲಿ ಶಬ್ದವಿಲ್ಲ. ಬುಟ್ಟಿಯಿಂದ ಶುರು ಮಾಡಿದೆ. ಗೋಡೆ ಹೇಳಿದೆ, ಎಲೆ ಹೇಳಿದೆ, ಹೋಳಿಗೆ ಹೇಳಿದೆ. ಹೋಳಿಗೆ ಸಿಹಿಯಾಗಿತ್ತು ಎಂಬುದನ್ನೂ ಹೇಳಿದೆ. ಅದನ್ನು ಅದುವರೆಗೆ ಯಾರ ಮುಂದೆಯೂ ಹೇಳಿರಲಿಲ್ಲ.

ಅವರು ಅಯ್ಯೋ ಅನ್ನಲಿಲ್ಲ. ಮೇಜಿನ ಅಂಚನ್ನು ಬೆರಳಿನಿಂದ ಉಜ್ಜುತ್ತ ಕುಳಿತರು. ಆಮೇಲೆ ಹೇಳಿದರು: "ಹದಿಮೂರಕ್ಕ ನನ್ನ ಒಂದು ದೊಡ್ಡ ಮನ್ಯಾಗ ಕೆಲಸಕ್ಕ ಇಟ್ರು. ಮ್ಯಾಲಿನ ಊಟದ ಕ್ವಾಣಿಯಿಂದ ತಾಟು ಕೆಳಗ ಬರತಿದ್ವು. ಅದರಾಗ ಉಳದದ್ದs ನಮ್ಮ ಊಟ. ಒಮ್ಮೊಮ್ಮೆ ಸಿಗರೇಟಿನ ಬೂದಿ ಇರತಿತ್ತು. ಒರಸಿ ತಿಂತಿದ್ವಿ."

"ಆಮ್ಯಾಲೆ?"

"ಬಿಟ್ಟು ಗಿರಣಿ ಸೇರಿದೆ. ನಮ್ಮವ್ವ ಹೊಡದ್ಲು."

ಅವರದೂ ನಮ್ಮದೂ ಒಂದೇ ಎಂದು ನಾನು ಹೇಳಲಾರೆ. ಅವರು ಆ ಮನೆ ಬಿಟ್ಟರು, ಅದೂ ಅವರನ್ನು ಬಿಟ್ಟಿತು. ನಮ್ಮದು ಹಾಗಲ್ಲ, ಊರು ಬಿಟ್ಟರೂ ವಿಳಾಸ ಹುಡುಕಿಕೊಂಡು ಬರುತ್ತದೆ. ಆದರೂ ಆ ಮಧ್ಯಾಹ್ನ ನಾನು ಹೇಳಿದ್ದು ಅವರಿಗೆ ಅರ್ಥವಾಯಿತೋ ಇಲ್ಲವೋ ಎಂಬ ಅನುಮಾನ ನನಗೆ ಉಳಿಯಲಿಲ್ಲ.

ಅವರು ಎದ್ದು ತೊಡೆಯನ್ನು ಮತ್ತೆ ಮೇಜಿಗೆ ತಂದರು. "ಹಬ್ಬದ ದಿನ ನೀ ಎಲ್ಲಿ ಕುಂತಿದ್ದಿ?"

"ಇಲ್ಲೇ ರೀ."

"ಏನ ತಿಂದಿ?"

"ಇದನ್ನs."

"ಹಂಗಾದ್ರ ಇದು ನಾವಿಬ್ರೂ ಕೂಡಿ ಉಳಿಸಿದ್ದು. ನಾ ಒಬ್ಬಾಕಿ ಎಷ್ಟಂತ ತಿನ್ನಲಿ?"

ನಾನು ಚೂರಿ ತೆಗೆದುಕೊಂಡೆ.

ಮೇಲಿನ ಗಟ್ಟಿ ಚರ್ಮ ತೆಗೆಯಬೇಕು, ಕೊಬ್ಬು ಸ್ವಲ್ಪ ಇರಲಿ, ಇಲ್ಲದಿದ್ದರೆ ಒಣಗುತ್ತದೆ ಎಂದರು. ಮಾಂಸ ಅರೆಯುವ ಕಬ್ಬಿಣದ ಯಂತ್ರವೊಂದನ್ನು ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದರು. ಅವರು ತುಣುಕುಗಳನ್ನು ಹಾಕುತ್ತ ಹೋದರು, ನಾನು ಹಿಡಿಕೆ ತಿರುವುತ್ತ ಹೋದೆ. ಕೊನೆಗೆ ಒಣಗಿದ ಬ್ರೆಡ್ಡಿನ ತುಂಡೊಂದನ್ನು ಹಾಕಿ ತಿರುವಿಸಿದರು, ಒಳಗೆ ಸಿಕ್ಕಿಕೊಂಡ ಮಾಂಸವೆಲ್ಲ ಹೊರಬರಲೆಂದು. ಎರಡು ಬೇಯಿಸಿದ ಮೊಟ್ಟೆ ಹಿಸುಕಿ ಹಾಕಿದರು. ವಿನೆಗರಿನಲ್ಲಿ ನೆನೆದ ಎಳೆಯ ಸೌತೆಕಾಯಿಯನ್ನು ನಾನು ಸಣ್ಣಗೆ ಹೆಚ್ಚಿದೆ. ಮೇಲೆ ಒಂದು ಚಮಚ ಸಾಸಿವೆ. ನಮ್ಮಲ್ಲಿ ಸಾಸಿವೆ ಒಗ್ಗರಣೆಯಲ್ಲಿ ಚಟಪಟ ಅಂದು ಸುಮ್ಮನಾಗುತ್ತದೆ. ಇವರು ಅದನ್ನು ಹಿಟ್ಟು ಮಾಡಿ ನೀರಲ್ಲಿ ಕಲಸುತ್ತಾರೆ, ಅದು ನೇರ ಮೂಗಿಗೆ ಏರುತ್ತದೆ. ಕೊನೆಗೆ ಮೊಟ್ಟೆ, ಎಣ್ಣೆ, ವಿನೆಗರ್ ಕೂಡಿಸಿ ಮಾಡಿದ ಬಿಳಿಯ ಸಾಲಡ್ ಕ್ರೀಮ್ ಸುರಿದು ಎಲ್ಲವನ್ನೂ ಕಲಸಿದರು. ಎಲುಬನ್ನು ಒಗೆಯಲಿಲ್ಲ. ಮರುದಿನ ಬಟಾಣಿಯ ಸಾರಿಗೆ ಬೇಕಂತೆ.

ಬ್ರೆಡ್ಡಿಗೆ ದಪ್ಪಗೆ ಹಚ್ಚಿ ನಾಲ್ಕು ಚೂರು ಮಾಡಿ ಒಂದೇ ತಾಟಿನಲ್ಲಿಟ್ಟರು. ಎರಡು ಅವರು ತಿಂದರು, ಎರಡು ನಾನು. ಉಪ್ಪುಪ್ಪು, ಹುಳಿ, ಮೆತ್ತಗೆ. ರೊಟ್ಟಿಗೆ ಹಚ್ಚಿಕೊಳ್ಳುವ ಅವ್ವನ ಕೆಂಪು ಚಟ್ನಿ ನೆನಪಾಗಿ ನನ್ನ ಕಣ್ಣಲ್ಲಿ ನೀರು ಬಂತು.

"ಸಾಸವಿ ಹೆಚ್ಚಾತೇನು?" ಎಂದು ಕೇಳಿದರು.

"ಹೂಂನ್ರಿ," ಎಂದೆ.

ಮುಂದಿನ ವರ್ಷಗಳಲ್ಲಿ ಆ ಕೆಲಸ ನನ್ನದೇ ಆಯಿತು. ಒಮ್ಮೆ ಅವರ ಚರ್ಚಿನಲ್ಲಿ ಹೆಂಗಸರು ಕೂಡುವ ದಿನ ನಾನು ಮಾಡಿದ ಸ್ಯಾಂಡ್‌ವಿಚ್‌ಗಳನ್ನು ತಾಟಿನಲ್ಲಿಟ್ಟು ಒಯ್ದರು. ನಾನೂ ಜೊತೆಗೆ ಹೋಗಿ ಬಾಗಿಲ ಬಳಿ ನಿಂತು ನೋಡಿದೆ. ನನ್ನ ಕೈಯಿಂದ ಮಾಡಿದ್ದನ್ನು ಊರ ಹೆಂಗಸರು ತೆಗೆದುಕೊಂಡು ತಿಂದರು, ಇನ್ನೊಂದು ಕೇಳಿದರು. ಒಬ್ಬಾಕೆ ಮಾತ್ರ ತಾಟನ್ನು ನೋಡಿ, ನನ್ನನ್ನು ನೋಡಿ, ಬಿಸ್ಕತ್ತಿಗೆ ಕೈ ಚಾಚಿದಳು. ಆ ನೋಟದ ಗುರುತು ನನಗಿತ್ತು. ಆದರೆ ಅಂದು ತಾಟು ಖಾಲಿಯಾಗಿಯೇ ಮನೆಗೆ ಬಂತು.

ನಾಲ್ಕು ವರ್ಷದ ಮೇಲೆ ರಜೆ ಸಿಕ್ಕಿತು. ಕಿತ್ತೂರಿನ ಹೆದ್ದಾರಿಯಲ್ಲಿ ಬಸ್ಸಿಳಿದಾಗ ಅಪ್ಪ ಕಾಯುತ್ತಿದ್ದ. ಮೀಸೆಯೆಲ್ಲ ಬೆಳ್ಳಗಾಗಿತ್ತು. ಬೈಲಹೊಂಗಲದ ಮನೆಯಲ್ಲಿ ಮಂದಿ ಬಂದು ನೋಡಿ ಹೋದ ಮೇಲೆ, ಒಂದು ಮುಂಜಾನೆ ಅಪ್ಪ ಕೇಳಿದ: "ಖರೆ ಹೇಳವಾ, ಅಲ್ಲಿ ಮಂದಿ ನಿನ್ನ ಹೆಂಗ ನೋಡತಾರ?"

ಕೋಣೆ ಕೇಳಿದಾಗ ಮಂದಿ ಬಾಗಿಲು ಹಾಕಿದ್ದನ್ನು ಹೇಳಿದೆ. ಹ್ಯಾಮಿನ ಸಂಗತಿಯನ್ನೂ ಹೇಳಿದೆ. ಪತ್ರದಲ್ಲಿ ಬರೆಯಲು ಧೈರ್ಯವಾಗಿರಲಿಲ್ಲ.

ಅಪ್ಪ ತಲೆ ತಗ್ಗಿಸಿ ಕೇಳಿದ. "ಆಕೀನೂ ತಿಂದ್ಲೇನು?"

"ತಿಂದ್ಲಪ್ಪಾ. ಒಂದs ತಾಟಿನ್ಯಾಗ."

ಅವನು ರುಮಾಲು ಸುತ್ತಿಕೊಳ್ಳುತ್ತ ಹೇಳಿದ: "ನೀ ಮಾಡಿದ್ದು ತಪ್ಪಂತ ಅನ್ನಂಗಿಲ್ಲ. ಆಕಿ ಭಲೇ ಹೆಣಮಗಳು. ಆದ್ರ ನನ್ನ ಗಂಟಲದಾಗ ಇಳೀತಿರಲಿಲ್ಲವಾ." ಮತ್ತೆ ಹೇಳಿದ: "ನಮ್ಮವ್ವನ್ನ ಬಿಟ್ಟು ಬಂದೇನಿ ನಾ, ಆ ಒಂದು ಮಾತಿಗೆ."

ಆಯಿಯ ಹೆಸರನ್ನು ಅವನು ನನ್ನ ಮುಂದೆ ಎತ್ತಿದ್ದು ಅದೊಂದೇ ಸಲ. ಎದ್ದು ಜಿನ್ನಿಗೆ ಹೋದ. ಅವನು ಆ ಮಾತು ಗಟ್ಟಿಯಾಗಿ ಹಿಡಿದದ್ದಕ್ಕೇ ನಾನು ಅದನ್ನು ಸಡಿಲಿಸಬಹುದಾದ ಜಾಗಕ್ಕೆ ಬಂದಿದ್ದೆ ಎಂದು ಈಗ ಅನ್ನಿಸುತ್ತದೆ. ಅಂದು ಹೊಳೆಯಲಿಲ್ಲ.

ರಜೆ ಮುಗಿಯುತ್ತ ಬಂದಿತ್ತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಲೆಕ್ಕ ಹಾಕುತ್ತ, ಯೋಚನೆಯಿಲ್ಲದೆ ಅಂದುಬಿಟ್ಟೆ: "ಬರೂ ಸೋಮವಾರದೊಳಗ ಮನಿ ಮುಟ್ಟಬೇಕು."

ಅವ್ವನ ಕೈ ನಿಂತಿತು. ನನಗೂ ಆಗಲೇ ಕೇಳಿಸಿತು, ನಾನು ಯಾವುದನ್ನು ಮನೆ ಅಂದೆ ಎಂದು. ಅವಳು ಬೈಯಲಿಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರುತ್ತ, "ಮುಟ್ಟಿದ ಕೂಡಲೇ ಕಾಗದ ಹಾಕು," ಎಂದಳು.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅವ್ವನಿಗೆ "ಬರತೇನಿ" ಎಂದೆ. ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಅನ್ನಬಾರದು. ತಿಂಗಳ ಹಿಂದೆ ಮಿಸೆಸ್ ಹಾರ್ಟ್ಲಿಗೂ ಹೊಸ್ತಿಲಲ್ಲಿ ನಿಂತು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದೆ. "ಬರತೇನಿ ಅಂದ್ರ? ನೀ ಈಗ ಹೊಂಟೀಯಲ್ಲ?" ಎಂದು ಅವರು ನಕ್ಕಿದ್ದರು, ಆಮೇಲೆ ನಗು ನಿಲ್ಲಿಸಿ, "ಬಾ ಹಂಗಾದ್ರ," ಎಂದಿದ್ದರು.

ಆ ಮಾತನ್ನು ಎರಡೂ ಬಾಗಿಲಲ್ಲಿ ಸುಳ್ಳಿಲ್ಲದೆ ಹೇಳಿದ್ದೇನೆ. ಒಂದು ಬಾಗಿಲಿಗೆ ಬಂದಾಗಲೆಲ್ಲ ಇನ್ನೊಂದರಲ್ಲಿ ಯಾರೋ ಕಾಯುತ್ತಿರುತ್ತಾರೆ.