ಎಡೆಯ ಉಪ್ಪು

ಕೊಟ್ಟೂರಿನ ನನ್ನ ತವರಿನಲ್ಲಿ ಸತ್ತವರು ಯಾರಿಗೂ ತೊಂದರೆ ಕೊಡುವುದಿಲ್ಲ. ಅಜ್ಜಿಯನ್ನು ಕುಣಿಯಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಾಕಿ ಮುಚ್ಚಿದಾಗ ಅಪ್ಪ ಹೇಳಿದ್ದು ಇಷ್ಟೇ: "ಶಿವನಾಗ ಸೇರಿದ್ಲು. ಇನ್ನ ತಿರುಗಿ ಬರಂಗಿಲ್ಲ." ಅದನ್ನೇ ನಂಬಿ ಬೆಳೆದೆ. ಆಮೇಲೆ ಹಟ ಹಿಡಿದು, ಮೆಚ್ಚಿದವನನ್ನು ಮದುವೆಯಾಗಿ, ತಂಬ್ರಹಳ್ಳಿ ಕಡೆಯ ಕುರಿ ಸಾಕುವ ಮನೆಗೆ ಬಂದೆ. ಇಲ್ಲಿ ಸತ್ತವರು ವರ್ಷಕ್ಕೊಮ್ಮೆ ಊಟಕ್ಕೆ ಬರುತ್ತಾರೆ.

ಅತ್ತೆ ಬದುಕಿರುವವರೆಗೆ ನನ್ನ ಕೈಯ ನೀರು ಕುಡಿಯಲಿಲ್ಲ. ಅವರು ತೀರಿಕೊಂಡ ವರ್ಷ, ಮಹಾಲಯ ಅಮಾವಾಸ್ಯೆಗೆ, ಅವರ ಎಡೆಗೆ ಮಾಂಸದ ಸಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನನಗಾಗ ಐದು ತಿಂಗಳು. ಅದಕ್ಕೂ ಮೊದಲು ಒಂದು ಬಸಿರು ಇಳಿದುಹೋಗಿತ್ತು.

"ಎಡಿ ಇಡೋಮಟ ಬಾಯಾಗ ಹಾಕ್ಕೋಬ್ಯಾಡ. ಎಂಜಲಾತಂದ್ರ ಹಿರೇರು ಮುಟ್ಟಂಗಿಲ್ಲ" ಎಂದು ನಾದಿನಿ ಹೇಳಿದ್ದಳು. "ಹಸದು ಹೋದ್ರ ಬಸರಿ ಹೆಂಗಸಿಗೇ ತಟ್ಟತೈತಿ."

ಹುಟ್ಟಿದಾಗಿನಿಂದ ಮಾಂಸ ಮುಟ್ಟದವಳಿಗೆ ಕಣ್ಣಳತೆಯಲ್ಲಿ ಉಪ್ಪು ಹೇಗೆ ತಿಳಿಯಬೇಕು? ಅತ್ತೆ ಕೊನೆಗಾದರೂ ನನ್ನ ಅಡುಗೆ ಒಪ್ಪಲಿ ಎಂಬ ಆಸೆ ಬೇರೆ. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡೆ. ಹಚ್ಚಿಕೊಂಡ ಮೇಲೆ ನಾದಿನಿಯ ಮಾತು ನೆನಪಾಗಿ, ಉಪ್ಪು ಸಾಕೋ ಬೇಕೋ ತಿಳಿಯದೆಯೇ ಸಾರು ಇಳಿಸಿಬಿಟ್ಟೆ.

ಮಾಳಿಗೆಯ ಮೇಲೆ ಎಡೆ ಇಟ್ಟರು. ಪಕ್ಕದಲ್ಲಿ ಹೊಸ ಸೀರೆ, ಎಲೆ ಅಡಿಕೆ. ಕರೆಂಟಿನ ತಂತಿಯ ಮೇಲೆ ಒಂದು ಕಾಗೆ ಬಂದು ಕೂತಿತು, ಎಡೆ ನೋಡಿತು, ಕೆಳಗಿಳಿಯಲಿಲ್ಲ. ಮಧ್ಯಾಹ್ನ ಜಾರಿತು. ಅದು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಓದಿದವಳು ನಾನು, ಕಾಗೆ ಕಾಗೆಯೇ ಎಂದು ಗೊತ್ತು. ಆದರೂ ಹೊಟ್ಟೆಯ ಮೇಲಿನ ಕೈ ತೆಗೆಯಲು ಧೈರ್ಯವಾಗಲಿಲ್ಲ. ಬೆಳಗಿನಿಂದ ಒಳಗೆ ಮಗು ಮಿಸುಕಿರಲಿಲ್ಲ.

"ಏನೋ ತಪ್ಪಾಗೈತಿ" ಎಂದಳು ನಾದಿನಿ.

ತಡೆಯಲಾಗದೆ ಮಾವನ ಮುಂದೆ ನಿಂತು ಬಾಯಿ ಬಿಟ್ಟೆ. "ನಾ ಉಪ್ಪು ನೋಡಿದ್ನ್ರಿ, ಮಾವಾರ."

ಮಾವ ಬೈಯಲಿಲ್ಲ. ಮೇಲೆ ಹತ್ತಿ, ಎಡೆಯ ಸಾರಿಗೇ ಬೆರಳದ್ದಿ ನೆಕ್ಕಿದರು.

"ಸಪ್ಪಗೈತಿ. ಅಕಿ ನಿಮ್ಮತ್ತಿ ಉಪ್ಪು ನೋಡದ ಯಾವತ್ತೂ ಸಾರು ಇಳಿಸಿದಾಕಿ ಅಲ್ಲ. ಹಿರೇರ ಸಾರಿಗೂ ಕದ್ದು ನೋಡತಿದ್ಲು. ಉಪ್ಪು ತಗೊಂಬಾರವ್ವ."

ಒಂದು ಚಿಟಿಕೆ ಉದುರಿಸಿದರು. ಸ್ವಲ್ಪ ಹೊತ್ತಿಗೆ ಕಾಗೆ ಇಳಿಯಿತು. ನಾದಿನಿ ಕೈ ಮುಗಿದಳು. ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಸಂಜೆ ಮಗು ಒದ್ದಾಗಲೂ ಹೋಗಲಿಲ್ಲ, ಮಗಳು ಹುಟ್ಟಿ ಅತ್ತ ಮೇಲೇ ಹೋದದ್ದು.

ಹೋಯಿತು ಅಂದುಕೊಂಡಿದ್ದೆ. ಮಾವ ಹೋದ ವರ್ಷ ತೀರಿಕೊಂಡರು. ಈ ಸಲ ಮಾಳಿಗೆಯ ಮೇಲೆ ಎರಡು ಎಡೆ. ಸಾರಿನ ಉಪ್ಪು ಎರಡು ಸಲ ನೋಡಿಯೇ ಇಳಿಸಿದ್ದೆ. ಬಿಸಿಲು ನೆತ್ತಿಗೇರಿದರೂ ಕಾಗೆ ಬರಲಿಲ್ಲ. ಏಳು ವರ್ಷದ ಮಗಳು ನನ್ನ ಸೆರಗು ಹಿಡಿದು ಕೇಳಿದಳು: "ಯವ್ವಾ, ಮುತ್ಯಾ ಯಾಕ ಬರವಲ್ಲ?"

ಹಳೆಯ ಹೆದರಿಕೆ ತಿರುಗಿ ಬಂತು. ಅವಳನ್ನು ಕೆಳಗೇ ನಿಲ್ಲಿಸಿ, ಉಪ್ಪಿನ ಡಬ್ಬಿ ಹಿಡಿದು ಮಾಳಿಗೆ ಹತ್ತಿದೆ.